ಮನೆ ಊರಾಚೆ, ಶಾಲೆ ಊರೊಳಗೆ: ಮಗು ಎಲ್ಲಿಗೆ ಹೋಗಬೇಕು?

ನಮ್ಮ ಸರ್ಕಾರದಲ್ಲಿ ವಸತಿಗೊಂದು ಇಲಾಖೆ ಇದೆ, ಶಾಲೆಗೊಂದು ಇಲಾಖೆ ಇದೆ, ನಗರಾಭಿವೃದ್ಧಿಗೆ ಮತ್ತೊಂದು ಇದೆ. ಮೂರಕ್ಕೂ ಮಂತ್ರಿಗಳಿದ್ದಾರೆ, ಮೂರಕ್ಕೂ ಕಾರುಗಳಿವೆ, ಕಪಾಟು ತುಂಬ ಕಡತಗಳಿವೆ. ಆದರೆ ಮನೆಯಲ್ಲಿ ಮಲಗುವ, ಬೀದಿಯಲ್ಲಿ ನಡೆಯುವ, ಶಾಲೆಯಲ್ಲಿ ಕೂರುವ ಮಗು ಒಂದೇ ಎಂಬ ಸಣ್ಣ ಸಂಗತಿ ಈ ಮೂರರಲ್ಲಿ ಯಾವ ಇಲಾಖೆಗೂ ತಿಳಿದಂತಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತೆ ಒಬ್ಬರು ಮನೆಯನ್ನು ಊರಾಚೆಗೆ ಎಳೆಯುತ್ತಾರೆ, ಇನ್ನೊಬ್ಬರು ಶಾಲೆಯನ್ನು ಊರೊಳಗೇ ಬಿಡುತ್ತಾರೆ, ಮೂರನೆಯವರು ನಡುವಿನ ಭೂಮಿಯನ್ನು ಅಳೆದು ಮಾರುತ್ತಾರೆ. ನಡುದಾರಿಯಲ್ಲಿ ನಿಂತಿರುವುದು ಕೂಲಿಯವನ ಮಗು.

ಸರ್ಕಾರಿ ಶಾಲೆಗಳು ಖಾಲಿಯಾಗುತ್ತಿವೆ ಎಂದು ವೇದಿಕೆಗಳ ಮೇಲೆ ಕಣ್ಣೀರಿಡುವ ಮಹನೀಯರಿಗೆ ಬರವಿಲ್ಲ. ಕಾರಣವೇನೆಂದು ಕೇಳಿದರೆ ಒಂದೇ ಉತ್ತರ: "ತಂದೆತಾಯಿಗಳಿಗೆ ಇಂಗ್ಲಿಷ್ ವ್ಯಾಮೋಹ." ಈ ಮಾತಿನಲ್ಲಿ ಸತ್ಯವೇ ಇಲ್ಲವೆಂದು ನಾನು ಹೇಳುವುದಿಲ್ಲ. ಆದರೆ ಅದು ಅರ್ಧ ಸತ್ಯ. ಅರ್ಧ ಸತ್ಯವನ್ನು ಪೂರ್ತಿಯೆಂದು ಸಾರುವವರಿಗೆ ಉಳಿದರ್ಧವನ್ನು ಮುಚ್ಚಿಡುವ ಅಗತ್ಯ ಇರುತ್ತದೆ. ಪಾಠ ಹೇಳಿದವನಾಗಿ ನಾನು ಬಲ್ಲ ಒಂದು ಪುಸ್ತಕವಿದೆ. ಅದು ಪಠ್ಯಪುಸ್ತಕವಲ್ಲ, ವರ್ಗಾವಣೆ ಪತ್ರದ ಪುಸ್ತಕ. ಅದರಲ್ಲಿ "ಶಾಲೆ ಬಿಡಲು ಕಾರಣ" ಎಂಬ ಅಂಕಣವಿರುತ್ತದೆ. ಊರ ನಡುವಿನ ಯಾವುದೇ ಹಳೆಯ ಸರ್ಕಾರಿ ಶಾಲೆಗೆ ಹೋಗಿ ಆ ಅಂಕಣವನ್ನು ಓದಿ ನೋಡಿ. "ಪೋಷಕರ ವಾಸಸ್ಥಳ ಬದಲಾವಣೆ" ಎಂಬ ಮಾತು ಎಷ್ಟು ಸಲ ಬರುತ್ತದೆಂದು ಎಣಿಸಿ. ಆ ಎರಡು ಮೂರು ಪದಗಳ ಹಿಂದೆ ಏರಿದ ಬಾಡಿಗೆ ಇದೆ, ವಾಪಸು ಬಾರದ ಮುಂಗಡ ಇದೆ, ಎತ್ತಿನ ಗಾಡಿಯಲ್ಲೋ ಆಟೋದಲ್ಲೋ ಏರಿದ ಪಾತ್ರೆ ಪಗಡೆ ಇದೆ. ಆ ಪುಸ್ತಕವನ್ನು ಓದಿದ ಮಂತ್ರಿ ಯಾರು?

ನನ್ನ ವಾದ ಇಷ್ಟೆ. ದುಡಿಯುವವನ ಮನೆಯನ್ನು ಊರಿನಿಂದ ಕೀಳುವವರು ಶಾಲೆಯನ್ನೂ ಕೀಳುತ್ತಿದ್ದಾರೆ. ಮೊದಲು ಮಕ್ಕಳನ್ನು ದೂರ ಓಡಿಸುವುದು, ಆಮೇಲೆ ಮಕ್ಕಳಿಲ್ಲವೆಂದು ಮೇಷ್ಟರನ್ನು "ಹೆಚ್ಚುವರಿ" ಎಂದು ವರ್ಗ ಮಾಡುವುದು, ಆಮೇಲೆ ಮೇಷ್ಟರಿಲ್ಲವೆಂದು ಶಾಲೆಯನ್ನು ಮತ್ತೊಂದಕ್ಕೆ ಸೇರಿಸುವುದು, ಕೊನೆಗೆ ಖಾಲಿ ಕಟ್ಟಡದ ಜಾಗದ ಬೆಲೆ ಕೇಳುವುದು. ಇದು ವ್ಯಾಮೋಹದ ಕಥೆಯಲ್ಲ, ಭೂಮಿಯ ಕಥೆ.

ಕೂಲಿಯ ಲೆಕ್ಕ ಹಾಕೋಣ. ತಿಂಗಳಿಗೆ 12,000 ರೂಪಾಯಿ ದುಡಿಯುವ ಗಿರಣಿ ಕೂಲಿಗಾರನೊಬ್ಬನಿದ್ದಾನೆಂದು ಇಟ್ಟುಕೊಳ್ಳಿ. ಮೂವತ್ತು ನಲವತ್ತರ ನಿವೇಶನವೆಂದರೆ 1,200 ಚದರಡಿ. ಚದರಡಿಗೆ ಎರಡೇ ಸಾವಿರವೆಂದು ಹಿಡಿದರೂ 24 ಲಕ್ಷ. ಅಂದರೆ ಅವನ 200 ತಿಂಗಳ ಸಂಬಳ. ಹದಿನಾರು ವರ್ಷ ಎಂಟು ತಿಂಗಳು ಅವನೂ ಅವನ ಹೆಂಡತಿ ಮಕ್ಕಳೂ ಗಾಳಿ ಕುಡಿದು ಬದುಕಿದರೆ ಬರಿಯ ಮಣ್ಣು ಸಿಕ್ಕೀತು. ಇಟ್ಟಿಗೆ, ಸಿಮೆಂಟು, ಬಾಗಿಲು ಬೇರೆ. "ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು" ಎಂದು ಹಿರಿಯರು ಕಷ್ಟದ ಮಾತಾಗಿ ಹೇಳಿದರು. ಇಂದು ಅದು ಕಷ್ಟದ ಮಾತಲ್ಲ, ಅಪಹಾಸ್ಯದ ಮಾತು.

ಹಾಗಾದರೆ ಬಾಡಿಗೆಗಿರಲಿ ಎನ್ನುತ್ತೀರಾ? ಬಾಡಿಗೆದಾರನ ರಕ್ಷಣೆಗೆ ಕಾಯಿದೆ ಇದೆ ಎಂದು ವಕೀಲರು ಹೇಳುತ್ತಾರೆ. ಇದೆ, ನಿಜ. 1961ರ ಹಳೆಯ ಬಾಡಿಗೆ ನಿಯಂತ್ರಣ ಕಾಯಿದೆಯ ಜಾಗಕ್ಕೆ ಬಂದ 1999ರ ಕರ್ನಾಟಕ ಬಾಡಿಗೆ ಕಾಯಿದೆ 2001ರ ಡಿಸೆಂಬರ್ ಕೊನೆಯ ದಿನ ಜಾರಿಗೆ ಬಂತು. ಅದರಲ್ಲಿ ಒಂದು ಗೆರೆ ಎಳೆದಿದ್ದಾರೆ. ದೊಡ್ಡ ಊರುಗಳಲ್ಲಿ ತಿಂಗಳಿಗೆ 3,500 ರೂಪಾಯಿ, ಉಳಿದ ಕಡೆ 2,000 ರೂಪಾಯಿ ಮೀರಿದ ಬಾಡಿಗೆಯ ಮನೆಗೆ ಆ ಕಾಯಿದೆ ಅನ್ವಯಿಸುವುದಿಲ್ಲ. ಇಂದು ಎರಡು ಕೋಣೆಯ ಯಾವ ಮನೆ ಈ ಗೆರೆಯ ಒಳಗೆ ಸಿಗುತ್ತದೆ? ಅಂಗಡಿಯ ಮಾತೂ ಇದೇ. ಹದಿನಾಲ್ಕು ಚದರ ಮೀಟರಿಗಿಂತ ದೊಡ್ಡದಾದ ಅಂಗಡಿಗೆ ಈ ಕಾಯಿದೆಯ ನೆರಳಿಲ್ಲ. ಹದಿನಾಲ್ಕು ಚದರ ಮೀಟರೆಂದರೆ ಸುಮಾರು 150 ಚದರಡಿ, ಹತ್ತು ಹದಿನೈದರ ಒಂದು ಗೂಡು. ಕಾಯಿದೆಯನ್ನು ಗೋಡೆಗೆ ತೂಗುಹಾಕಿ, ಬಡವನನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾರೆ.

ಇಲ್ಲಿ ಒಂದು ಮಾತು ಸ್ಪಷ್ಟಪಡಿಸಬೇಕು. ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಔಷಧದ ಖರ್ಚು ನೀಗಿಸಿಕೊಳ್ಳುವ ವಿಧವೆಯ ಮೇಲೆ ನಮ್ಮ ಜಗಳವಿಲ್ಲ. ಜೀವಮಾನವೆಲ್ಲ ತಕ್ಕಡಿ ಹಿಡಿದು ಅಂಗಡಿಯ ಮೇಲೊಂದು ಮನೆ ಕಟ್ಟಿಕೊಂಡ ವರ್ತಕನ ಮೇಲೂ ಇಲ್ಲ. ಹತ್ತಾರು ನಿವೇಶನಗಳನ್ನು ಬೇಲಿ ಹಾಕಿ ಪಾಳು ಬಿಟ್ಟು, ಬೆಲೆ ಏರಲೆಂದು ಹದ್ದಿನಂತೆ ಕಾದು ಕೂತವರ ಮೇಲೆ ನಮ್ಮ ಜಗಳ. ಅವರಿಗೆ ನಕ್ಷೆ ಬರೆದುಕೊಡುವ ಅಧಿಕಾರಾರೂಢರ ಮೇಲೆ ನಮ್ಮ ಜಗಳ.

"ಸರ್ಕಾರ ಮನೆ ಕಟ್ಟಿಸಿ ಕೊಡುತ್ತಿದೆಯಲ್ಲ?" ಎಂಬ ಪ್ರಶ್ನೆ ಬರುತ್ತದೆ. 2015ರ ಜೂನ್ 25ರಂದು ಪ್ರಧಾನ ಮಂತ್ರಿ ಆವಾಸ್ ಯೋಜನೆಯ ನಗರ ವಿಭಾಗ ಆರಂಭವಾಯಿತು. 2022ಕ್ಕೆ ಸರ್ವರಿಗೂ ಸೂರು ಎಂದು ಡಂಗುರ ಹೊಡೆದರು. 2022 ಬಂತು, ಹೋಯಿತು. 2024ರಲ್ಲಿ ಅದೇ ಯೋಜನೆಗೆ ಎರಡನೆಯ ಅವತಾರ ಬಂತು. ಆ ಯೋಜನೆಯಲ್ಲಿ ಫಲಾನುಭವಿ ತಾನೇ ಮನೆ ಕಟ್ಟಿಕೊಳ್ಳಲು ಕೇಂದ್ರದ ನೆರವು ಒಂದೂವರೆ ಲಕ್ಷ. ಆದರೆ ಆ ನೆರವು ಯಾರಿಗೆ? ಸ್ವಂತ ಜಾಗ ಇದ್ದವನಿಗೆ. ನಿವೇಶನ ಇದ್ದವನಿಗೆ ಸಹಾಯಧನ, ನಿವೇಶನ ಇಲ್ಲದವನಿಗೆ ಭಾಷಣ! ಇನ್ನು ಸರ್ಕಾರವೇ ಕಟ್ಟಿಸುವ ಬಹುಮಹಡಿ ಮನೆಗಳಿಗೆ ಜಾಗ ಹುಡುಕುವುದು ಭೂಮಿ ಅಗ್ಗವಾದ ಕಡೆ. ಭೂಮಿ ಏಕೆ ಅಗ್ಗ? ಅಲ್ಲಿ ಬಸ್ಸಿಲ್ಲ, ಕೆಲಸವಿಲ್ಲ, ಆಸ್ಪತ್ರೆಯಿಲ್ಲ, ಶಾಲೆಯಿಲ್ಲ, ಅದಕ್ಕೇ ಅಗ್ಗ. ಮೂವತ್ತು ಚದರ ಮೀಟರಿನ ಸೂರು ಸಿಕ್ಕಿತೆಂದು ಕೈಮುಗಿದವನು ಮರುದಿನ ಬೆಳಗ್ಗೆ ಮಗುವಿನ ಪಾಟಿಚೀಲ ಹಿಡಿದು ಎತ್ತ ಹೋಗಬೇಕು?

ಈ ಪ್ರಶ್ನೆಗೂ ಕಾಯಿದೆಯಲ್ಲಿ ಉತ್ತರವಿದೆ. 2009ರ ಶಿಕ್ಷಣ ಹಕ್ಕು ಕಾಯಿದೆಯ ಕೆಳಗೆ 2010ರಲ್ಲಿ ಬಂದ ಕೇಂದ್ರ ನಿಯಮಗಳ ಪ್ರಕಾರ ಒಂದರಿಂದ ಐದನೆಯ ತರಗತಿಯ ಮಗುವಿಗೆ ನಡೆದು ಹೋಗುವ ಒಂದು ಕಿಲೋಮೀಟರಿನೊಳಗೆ, ಆರರಿಂದ ಎಂಟರವರೆಗಿನ ಮಗುವಿಗೆ ಮೂರು ಕಿಲೋಮೀಟರಿನೊಳಗೆ ಶಾಲೆ ಇರಬೇಕು. ಅದು ದಯೆಯಲ್ಲ, ಸರ್ಕಾರದ ಕರ್ತವ್ಯ. ಅದೇ ಕಾಯಿದೆ ಖಾಸಗಿ ಶಾಲೆಗಳಲ್ಲಿ ಶೇಕಡಾ 25ರಷ್ಟು ಪ್ರವೇಶವನ್ನು ಬಡ ಮಕ್ಕಳಿಗೆ ಮೀಸಲಿಟ್ಟಿತು. 2018ರ ಡಿಸೆಂಬರಿನಲ್ಲಿ ನಮ್ಮ ರಾಜ್ಯ ಸರ್ಕಾರ ನಿಯಮ ತಿದ್ದಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಇರುವ ನೆರೆಹೊರೆಯಲ್ಲಿ ಖಾಸಗಿ ಶಾಲೆಗಳಿಗೆ ಆ ಹೊಣೆಯಿಂದ ಬಿಡುಗಡೆ ಕೊಟ್ಟಿತು. ಸರ್ಕಾರಿ ಶಾಲೆ ಉಳಿಸಲು ಹೀಗೆ ಮಾಡಿದೆವು ಎಂದರು. ಒಳ್ಳೆಯದು, ನಂಬೋಣ. ಹಾಗಿದ್ದರೆ ಸರ್ಕಾರಿ ಶಾಲೆಯ ಸುತ್ತ ಸರ್ಕಾರಿ ಶಾಲೆಗೆ ಹೋಗುವವರು ವಾಸಿಸುವಂತೆ ಊರನ್ನು ಇಟ್ಟುಕೊಳ್ಳಬೇಕಿತ್ತಲ್ಲ? ಶಾಲೆಯ ಸುತ್ತ ವಾಣಿಜ್ಯ ಸಂಕೀರ್ಣಗಳಿಗೆ ಪರವಾನಗಿ, ಮಕ್ಕಳಿಗೆ ಊರಾಚೆಯ ಹಾದಿ!

"ಬಸ್ಸು ಈಗ ಪುಕ್ಕಟೆ" ಎಂದು ಕೆಲವರು ಹೇಳುತ್ತಾರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆ ಹೆಣ್ಣುಮಕ್ಕಳಿಗೆ ಉಪಕಾರ ಮಾಡಿದೆ. ಅದನ್ನು ಒಪ್ಪದಿರುವುದು ಹೊಟ್ಟೆಕಿಚ್ಚು. ಆದರೆ ಬಾರದ ಬಸ್ಸಿನ ಚೀಟಿ ಪುಕ್ಕಟೆಯಾದರೇನು, ದುಬಾರಿಯಾದರೇನು? ಎಂಟು ವರ್ಷದ ಹುಡುಗಿಯನ್ನು ಎರಡು ಕಡೆ ಬಸ್ಸು ಬದಲಿಸಿ ಹೋಗೆಂದು ಯಾವ ತಾಯಿ ಕಳಿಸುತ್ತಾಳೆ? ಕಳಿಸುವುದಿಲ್ಲ. ತಾಯಿ ತಾನೇ ಬಿಟ್ಟುಬರಲು ಹೋದರೆ ಆ ದಿನದ ಕೂಲಿ ಹೋಯಿತು. ಹೀಗೆ ಮೂರು ತಿಂಗಳು ನಡೆದರೆ ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿ ತುಂಬುತ್ತದೆ. ನಾಲ್ಕನೆಯ ತಿಂಗಳು ಅವಳು ಮನೆಯಲ್ಲಿ ತಮ್ಮನನ್ನು ನೋಡಿಕೊಳ್ಳುತ್ತಿರುತ್ತಾಳೆ. ಅವಳನ್ನು ಶಾಲೆ ಬಿಡಿಸಿದ್ದು ತಂದೆಯ ಅಜ್ಞಾನವೇ? ನಕ್ಷೆ ಬರೆದವನ ಪೆನ್ಸಿಲೇ?

ನಕ್ಷೆಯ ಮಾತಿಗೆ ಬರೋಣ. ಬಡಾವಣೆ ಮಾಡುವಾಗ ಶಾಲೆಗೆ, ಆಟದ ಮೈದಾನಕ್ಕೆ ಜಾಗ ಬಿಡಬೇಕೆಂಬುದು ಹೊಸ ಆಸೆಯಲ್ಲ. 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರದ ಕಾಯಿದೆಯಲ್ಲಿ ಬಡಾವಣೆಯ ಶೇಕಡಾ 15ಕ್ಕೆ ಕಡಿಮೆಯಿಲ್ಲದಂತೆ ಉದ್ಯಾನ ಮತ್ತು ಆಟದ ಬಯಲಿಗೆ, ಅದಲ್ಲದೆ ಶೇಕಡಾ 10ಕ್ಕೆ ಕಡಿಮೆಯಿಲ್ಲದಂತೆ ನಾಗರಿಕ ಸೌಲಭ್ಯಗಳಿಗೆ ಮೀಸಲಿಡಬೇಕೆಂದು ಬರೆದಿದೆ. ಬೆಂಗಳೂರಿನ ಆಚೆಯ ನಮ್ಮಂಥ ಊರುಗಳಿಗೂ 1987ರ ಕಾಯಿದೆಯಿಂದ ಅಭಿವೃದ್ಧಿ ಪ್ರಾಧಿಕಾರಗಳು ಬಂದವು. ಜನ ಬಾಯಿಮಾತಿನಲ್ಲಿ ಸಿ.ಎ. ಸೈಟು ಎನ್ನುವುದು ಈ ನಾಗರಿಕ ಸೌಲಭ್ಯ ನಿವೇಶನವನ್ನೇ. ಅದು ನಮ್ಮ ಮಕ್ಕಳ ಪಾಲು. ಆ ಪಾಲನ್ನು ಗುತ್ತಿಗೆಯ ಮೇಲೆ ಸಂಘ ಸಂಸ್ಥೆಗಳಿಗೆ, ನ್ಯಾಸಗಳಿಗೆ ಹಂಚುವ ಬಾಗಿಲು ನಿಯಮದಲ್ಲೇ ಇದೆ. ಆ ಬಾಗಿಲಿನಲ್ಲಿ ಮೊದಲು ನುಗ್ಗುವವನು ಯಾರೆಂದು ನಾನು ಹೇಳಬೇಕೆ? ಮಕ್ಕಳ ಪಾಲಿನ ಜಾಗದಲ್ಲಿ ಶುಲ್ಕದ ಶಾಲೆ ಎದ್ದಾಗ, ಆ ಬಡಾವಣೆಯ ಮನೆಗೆಲಸದವಳ ಮಗು ಗೇಟಿನ ಹೊರಗೆ ನಿಂತು ಗಂಟೆಯ ಸದ್ದು ಕೇಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಎಂದರೆ ಇದೇ.

ಕಾದಾಡಿದರೆ ಗೆಲುವಿಲ್ಲವೆಂದಲ್ಲ. ಬೆಂಗಳೂರಿನ ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಬಿಟ್ಟ ಜಾಗವನ್ನು ಖಾಸಗಿ ಆಸ್ಪತ್ರೆಗೆ ಕೊಡಹೊರಟಾಗ ನಿವಾಸಿಗಳು ನ್ಯಾಯಾಲಯದ ಮೆಟ್ಟಿಲೇರಿದರು. 1991ರಲ್ಲಿ ಸುಪ್ರೀಂ ಕೋರ್ಟು ಆ ಹಂಚಿಕೆ ಕಾನೂನಿಗೆ ವಿರುದ್ಧವೆಂದು ತೀರ್ಪಿತ್ತಿತು. ಅದು ಅನುಕೂಲಸ್ಥರ ಬಡಾವಣೆ. ವಕೀಲರಿಗೆ ಕೊಡಲು ಹಣವಿತ್ತು, ಅಲೆಯಲು ಬಿಡುವಿತ್ತು. ಪಾಳಿ ಮುಗಿಸಿ ಬರುವ ಕಾರ್ಮಿಕನಿಗೆ ಅವೆರಡೂ ಇಲ್ಲ. ಅವನಿಗಿರುವುದು ಸಂಘ. ಅದನ್ನೂ ಒಡೆಯುವುದಕ್ಕೇ ಅವನನ್ನು ಚೆಲ್ಲಾಪಿಲ್ಲಿ ಮಾಡುತ್ತಾರೆ.

ಬೆಂಗಳೂರಿನಲ್ಲೇ ಇನ್ನೊಂದು ಬಗೆಯ ಬಡಾವಣೆಯ ಗತಿ ನೋಡಿ. ಈಜಿಪುರದಲ್ಲಿ ಆರ್ಥಿಕವಾಗಿ ಹಿಂದುಳಿದವರಿಗೆಂದೇ ಕಟ್ಟಿದ ವಸತಿಗೃಹಗಳಿದ್ದವು. ಅವು ಶಿಥಿಲವಾದ ಮೇಲೆ ಅದೇ ನೆಲದಲ್ಲಿ ಜನ ತಗಡಿನ ಸೂರುಗಳಲ್ಲಿ ಬದುಕಿದರು. 2013ರ ಜನವರಿಯಲ್ಲಿ ಪೊಲೀಸರ ಕಾವಲಿನಲ್ಲಿ ಯಂತ್ರಗಳು ಬಂದವು. ಸುಮಾರು 1,500 ಕುಟುಂಬಗಳು ಬೀದಿಪಾಲಾದವು. ಸರ್ಕಾರಿ ನೆಲವನ್ನು ಖಾಸಗಿಯವರ ಜೊತೆ ಪಾಲು ಮಾಡಿ, ಒಂದು ಭಾಗದಲ್ಲಿ ಬಡವರಿಗೆ ಮನೆ, ಇನ್ನೊಂದು ಭಾಗದಲ್ಲಿ ಮಾಲು ಎಂಬುದು ಯೋಜನೆಯಾಗಿತ್ತು. ಜನವರಿಯೆಂದರೆ ಪರೀಕ್ಷೆಗೆ ಎರಡೇ ತಿಂಗಳು. ಪುಸ್ತಕದ ಚೀಲ ಯಾವ ತಗಡಿನ ಕೆಳಗೆ ಸಿಕ್ಕಿಕೊಂಡಿತೆಂದು ಹುಡುಕುವ ಮಗುವಿಗೆ ವರ್ಗಾವಣೆ ಪತ್ರ ಕೊಡುವವರು ಯಾರು, ಪಡೆಯುವವರು ಯಾರು?

ಗಿರಣಿ ಕಾರ್ಮಿಕ ಬಂಧುಗಳೇ, ಈಗ ಗಿರಣಿಯ ನೆಲದ ಮಾತು. ಬೆಂಗಳೂರಿನ ಮಲ್ಲೇಶ್ವರದಲ್ಲಿ ರಾಜಾ ಮಿಲ್ಲು ಎಂದು ಹೆಸರಾಗಿದ್ದ ಹತ್ತಿ ಗಿರಣಿಯ ನೆಲದ ಮೇಲೆ 2010ರಲ್ಲಿ ದೊಡ್ಡ ಮಾಲು ತೆರೆಯಿತು. ಬಿನ್ನಿ ಮಿಲ್ಲಿನ ನೆಲದಲ್ಲಿ ಗಗನಚುಂಬಿ ಮನೆಗಳೆದ್ದವು. ಮುಂಬಯಿಯ ಕಥೆ ಇನ್ನೂ ದೊಡ್ಡದು. 1982ರ ಜನವರಿ 18ರಂದು ಅಲ್ಲಿ ಸುಮಾರು ಎರಡೂವರೆ ಲಕ್ಷ ಬಟ್ಟೆ ಗಿರಣಿ ಕಾರ್ಮಿಕರು ಮುಷ್ಕರ ಹೂಡಿದರು. ಆಮೇಲೆ ಗಿರಣಿಗಳು ಒಂದೊಂದಾಗಿ ಬಾಗಿಲೆಳೆದವು. 1991ರಲ್ಲಿ ಬಂದ ನಿಯಮ, ಗಿರಣಿ ನೆಲದ ಮೂರನೆಯ ಒಂದು ಪಾಲು ಬಯಲಿಗೆ, ಒಂದು ಪಾಲು ಸಾರ್ವಜನಿಕ ವಸತಿಗೆ, ಒಂದು ಪಾಲು ಧಣಿಗೆ ಎಂದಿತು. ಕೇಳಲು ಇಂಪಾಗಿತ್ತು. 2001ರಲ್ಲಿ ಆ ನಿಯಮ ತಿದ್ದಿ, ಪಾಲು ಕಟ್ಟಡವಿಲ್ಲದ ಖಾಲಿ ನೆಲಕ್ಕೆ ಮಾತ್ರ ಎಂದರು. ಗಿರಣಿಯ ಒಳಗೆ ಖಾಲಿ ನೆಲ ಎಷ್ಟಿರುತ್ತದೆಂದು ನಿಮಗೆ ಹೇಳಬೇಕೆ? 2005ರಲ್ಲಿ ರಾಷ್ಟ್ರೀಯ ಜವಳಿ ನಿಗಮ ಒಂದೇ ಗಿರಣಿಯ ನೆಲವನ್ನು 702 ಕೋಟಿಗೆ ಮಾರಿತು. 2006ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟು 2001ರ ತಿದ್ದುಪಡಿಯನ್ನೇ ಎತ್ತಿಹಿಡಿಯಿತು. ಮನೆಗಾಗಿ ಅರ್ಜಿ ಹಾಕಿದ ಗಿರಣಿ ಕಾರ್ಮಿಕರು ಮತ್ತು ಅವರ ವಾರಸುದಾರರು ಸುಮಾರು ಒಂದೂವರೆ ಲಕ್ಷ. 2012ರ ಮೊದಲ ಚೀಟಿ ಎತ್ತುವಿಕೆಯಲ್ಲಿ ಇದ್ದ ಮನೆಗಳು 6,925. ಉಳಿದವರಿಗೆ ಕರ್ಜತ್ ಕಡೆಯ ರೈಲುದಾರಿಯಲ್ಲಿರುವ ವಾಂಗಣಿ, ಶೇಲು ಎಂಬ ಊರುಗಳನ್ನು ತೋರಿಸಿದರು. 2025ರ ಜುಲೈನಲ್ಲಿ ಮುಂಬಯಿಯ ಆಜಾದ್ ಮೈದಾನದಲ್ಲಿ ಮುದಿ ಕಾರ್ಮಿಕರು ಸೇರಿ, ನಾವು ಬೆವರು ಸುರಿಸಿದ ಮುಂಬಯಿಯಲ್ಲೇ ನಮಗೆ ಮನೆ ಬೇಕು ಎಂದು ಕೂಗಿದರು. ಹಗಲು ದುಡಿದು ಕನ್ನಡದ ರಾತ್ರಿಶಾಲೆಗಳಲ್ಲಿ ಓದಿದ ನಮ್ಮ ಜನರನ್ನೂ ಸಾಕಿದ ಊರು ಅದು. ದುಡಿಯುವವನ ಮನೆಯೇ ಊರಿನಲ್ಲಿಲ್ಲವೆಂದ ಮೇಲೆ ಅವನ ಮಕ್ಕಳ ಶಾಲೆ ಯಾರಿಗಾಗಿ ಗಂಟೆ ಹೊಡೆಯಬೇಕು?

ಇದು ದೂರದ ಕಥೆಯೆಂದು ದಾವಣಗೆರೆಯವರು ಸುಮ್ಮನಿರುವಂತಿಲ್ಲ. ನಮ್ಮದು ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ಊರು. ಹತ್ತಿ ಗಿರಣಿಗಳ ಶಿಳ್ಳೆ ನಿಂತುಹೋಯಿತು. ಅಕ್ಕಿ ಗಿರಣಿ, ಅವಲಕ್ಕಿ ಮಿಲ್ಲು, ಮಂಡಕ್ಕಿ ಭಟ್ಟಿಗಳಲ್ಲಿ ದುಡಿಯುವ ಕೈಗಳು ಇನ್ನೂ ಇವೆ. ಈ ಊರಿನ ಕಾರ್ಮಿಕರು 1978, 1983, 1985ರಲ್ಲಿ ಮೂರು ಸಲ ಕಾರ್ಮಿಕ ನಾಯಕ ಪಂಪಾಪತಿಯವರನ್ನು ವಿಧಾನಸಭೆಗೆ ಕಳಿಸಿದರು. ಅವರ ಪಕ್ಷ ಬೇರೆ, ನಮ್ಮ ಪಕ್ಷ ಬೇರೆ. ಆದರೆ ಕಾರಣವನ್ನು ಮರೆಯಬಾರದು. ದುಡಿಯುವವರು ಒಂದೇ ಕೇರಿಯಲ್ಲಿದ್ದರು, ಒಂದೇ ನಲ್ಲಿಯಲ್ಲಿ ನೀರು ಹಿಡಿಯುತ್ತಿದ್ದರು, ಮಕ್ಕಳು ಒಂದೇ ಶಾಲೆಯ ಚಾಪೆಯ ಮೇಲೆ ಕೂರುತ್ತಿದ್ದರು. ಕೇರಿ ಚದುರಿದರೆ ಸಂಘವೂ ಚದುರುತ್ತದೆ. ಇದು ಧಣಿಗಳಿಗೆ ಚೆನ್ನಾಗಿ ಗೊತ್ತು, ನಮಗೆ ಗೊತ್ತಾಗಬೇಕಾಗಿದೆ.

2016ರ ಜನವರಿಯಲ್ಲಿ ದೇಶದ ಮೊದಲ ಇಪ್ಪತ್ತು ಸ್ಮಾರ್ಟ್ ಸಿಟಿಗಳ ಪಟ್ಟಿಯಲ್ಲಿ ದಾವಣಗೆರೆಯ ಹೆಸರೂ ಬಂತು. ಒಂದೊಂದು ನಗರಕ್ಕೆ ಕೇಂದ್ರದಿಂದ ಐದು ನೂರು ಕೋಟಿ, ಅಷ್ಟೇ ಹಣ ರಾಜ್ಯದ ಕಡೆಯಿಂದ ಎಂಬುದು ಯೋಜನೆಯ ಲೆಕ್ಕ. 2025ರ ಮಾರ್ಚಿಗೆ ಆ ಯೋಜನೆ ಮುಗಿಯಿತು. ರಸ್ತೆಗೆ ದೀಪ ಬಂತೆಂದು ನಾವು ಬೇಸರಪಡುವುದಿಲ್ಲ. ಆದರೆ ಕೇಳುತ್ತೇವೆ: ಈ ಜಾಣ ನಗರದಲ್ಲಿ ಭಟ್ಟಿಯ ಮುಂದೆ ಮೈ ಬೇಯಿಸಿಕೊಳ್ಳುವವನ ಮಗು ಎಲ್ಲಿ ಮಲಗಬೇಕು, ಎಲ್ಲಿ ಓದಬೇಕು ಎಂಬ ಲೆಕ್ಕ ಯಾವ ಪುಟದಲ್ಲಿದೆ? ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು!

ಸಣ್ಣ ವರ್ತಕ ಮಿತ್ರರೇ, ಇದು ಕೂಲಿಕಾರರ ತಾಪತ್ರಯ, ನಮಗೇಕೆ ಎನ್ನಬೇಡಿ. ನಿಮ್ಮ ಉದ್ರಿ ಪುಸ್ತಕವನ್ನೇ ತೆಗೆದು ನೋಡಿ. ವಾರದ ಬಟವಾಡೆಯ ದಿನ ಕಾಲು ಕಿಲೋ ಎಣ್ಣೆ, ಎರಡು ಕಿಲೋ ಜೋಳ ಒಯ್ಯುತ್ತಿದ್ದವರು ಊರಾಚೆಗೆ ಹೋದರೆ ನಿಮ್ಮ ಗಿರಾಕಿ ಯಾರು? ಹೊಸ ಮಹಡಿಮನೆಯವರು ನಿಮ್ಮ ಅಂಗಡಿಗೆ ಬರುವುದಿಲ್ಲ. ಅವರ ಸಾಮಾನು ಮಾಲಿನಿಂದ ಬರುತ್ತದೆ, ಇಲ್ಲವೆ ಮೊಬೈಲು ಒತ್ತಿದರೆ ಬಾಗಿಲಿಗೇ ಬರುತ್ತದೆ. ಶಾಲೆ ಮುಚ್ಚಿದರೆ ಪಾಟಿ ಪೆನ್ಸಿಲು, ನೋಟುಪುಸ್ತಕ, ಪೆಪ್ಪರಮೆಂಟು ಮಾರುವವನ ಬಾಗಿಲೂ ಮುಚ್ಚುತ್ತದೆ. ಕಾರ್ಮಿಕನನ್ನು ಓಡಿಸಿದ ಬಾಡಿಗೆಯೇ ನಾಳೆ ನಿಮ್ಮ ಅಂಗಡಿಯ ಬಾಗಿಲಿಗೆ ಬರುತ್ತದೆ.

"ಭೂಮಿಯ ಬೆಲೆ ಮಾರುಕಟ್ಟೆ ನಿರ್ಧರಿಸುತ್ತದೆ, ಸರ್ಕಾರವೇನು ಮಾಡೀತು?" ಎನ್ನುವ ಪಂಡಿತರಿದ್ದಾರೆ. ಗೇಣಿಯ ಕಾಲದಲ್ಲೂ ಇದನ್ನೇ ಹೇಳಿದರು. 1951ರಲ್ಲಿ ಕಾಗೋಡಿನ ಗೇಣಿದಾರರು ಎದ್ದು ನಿಂತಾಗ ಅವರನ್ನು ಹುಚ್ಚರೆಂದರು. ಶಾಂತವೇರಿ ಗೋಪಾಲಗೌಡರು ಆ ಹುಚ್ಚನ್ನೇ 1952ರಲ್ಲಿ ವಿಧಾನಸಭೆಯ ಒಳಗೆ ಒಯ್ದರು. 1974ರಲ್ಲಿ ಉಳುವವನೇ ಹೊಲದೊಡೆಯ ಎಂಬುದು ಕಾಯಿದೆಯಾಯಿತು. 2017ರಲ್ಲಿ ತಾಂಡಾ, ಹಟ್ಟಿಗಳ ನಿವಾಸಿಗಳಿಗೆ ವಾಸಿಸುವವನೇ ಮನೆಯೊಡೆಯ ಎಂಬ ತಿದ್ದುಪಡಿ ಬಂತು. 1949ರಲ್ಲಿ ಬೆಂಗಳೂರಿನ ರಾಜಾಜಿನಗರವನ್ನು ಕೈಗಾರಿಕಾ ಉಪನಗರವೆಂದೇ ಆರಂಭಿಸಿದರು. ದುಡಿಯುವವನಿಗೂ ಊರಿನ ನಕ್ಷೆಯಲ್ಲಿ ಜಾಗವಿರಬೇಕೆಂಬ ಬುದ್ಧಿ ಅಂದು ಸರ್ಕಾರಕ್ಕೆ ಇತ್ತು. ಅಂದು ಸಾಧ್ಯವಾದದ್ದು ಇಂದು ಅಸಾಧ್ಯವೆನ್ನುವವರು ಮಾರುಕಟ್ಟೆಯ ಮಾತಾಡುತ್ತಿಲ್ಲ, ತಮ್ಮ ಜೇಬಿನ ಮಾತಾಡುತ್ತಿದ್ದಾರೆ.

ಆದ್ದರಿಂದ ನಮ್ಮ ಬೇಡಿಕೆಗಳು ಇವು:

1. ಹೊಸ ಬಡಾವಣೆಗೆ, ವಸತಿ ಸಮುಚ್ಚಯಕ್ಕೆ ಮಂಜೂರಾತಿ ಕೊಡುವ ಮೊದಲೇ ಒಂದು ಕಿಲೋಮೀಟರಿನೊಳಗೆ ಸರ್ಕಾರಿ ಪ್ರಾಥಮಿಕ ಶಾಲೆ ತೆರೆಯಬೇಕು. ಮನೆಯ ಬೀಗದ ಕೈ ಮತ್ತು ಶಾಲೆಯ ಗಂಟೆ ಒಂದೇ ದಿನ ಸಿಗಬೇಕು.

2. ಶಾಲೆಗೆ ಯೋಗ್ಯವಾದ ನಾಗರಿಕ ಸೌಲಭ್ಯ ನಿವೇಶನದ ಮೊದಲ ಹಕ್ಕು ಸರ್ಕಾರಿ ಶಾಲೆಗೆ, ಅಂಗನವಾಡಿಗೆ. ಖಾಸಗಿಯವರಿಗೆ ಗುತ್ತಿಗೆ ಕೊಟ್ಟ ನಿವೇಶನಗಳ ಪಟ್ಟಿಯನ್ನು ಪ್ರಾಧಿಕಾರದ ಬಾಗಿಲಲ್ಲಿ ಅಂಟಿಸಬೇಕು.

3. ಮುಚ್ಚಿದ ಗಿರಣಿಗಳ ನೆಲದ ಬಳಕೆ ಬದಲಾಗುವಲ್ಲೆಲ್ಲ ಮೂರನೆಯ ಒಂದು ಪಾಲು ದುಡಿಯುವವರ ವಸತಿಗೆ ಮೀಸಲಾಗಬೇಕು. ಕಟ್ಟಡವಿದ್ದ ನೆಲ, ಖಾಲಿ ನೆಲ ಎಂಬ ಮುಂಬಯಿಯ ಮೋಸ ಇಲ್ಲಿ ಬೇಡ.

4. ಬಾಡಿಗೆ ಕಾಯಿದೆಯ 2,000 ರೂಪಾಯಿ, ಹದಿನಾಲ್ಕು ಚದರ ಮೀಟರಿನ ಗೆರೆಗಳನ್ನು ಇಂದಿನ ಬೆಲೆಗೆ ತಕ್ಕಂತೆ ತಿದ್ದಬೇಕು. ಶಾಲೆಯ ವರ್ಷದ ನಡುವೆ ಮಕ್ಕಳಿರುವ ಕುಟುಂಬವನ್ನು ಎಬ್ಬಿಸುವುದನ್ನು ನಿಷೇಧಿಸಬೇಕು.

5. ಊರೊಳಗಿನ ಸರ್ಕಾರಿ ಶಾಲೆಯ ಒಂದಂಗುಲ ನೆಲವನ್ನೂ ಬೇರೆ ಕೆಲಸಕ್ಕೆ ಕೊಡಬಾರದು.

ಬೇಡಿಕೆ ಬರೆದರೆ ಸಾಲದು, ಕೆಲಸವೂ ಆಗಬೇಕು. ಪ್ರತಿ ಓಣಿಯಲ್ಲೂ ಐದಾರು ಜನ ಸೇರಿ. 2005ರ ಮಾಹಿತಿ ಹಕ್ಕು ಕಾಯಿದೆಯ ಪ್ರಕಾರ ಹತ್ತು ರೂಪಾಯಿ ಕಟ್ಟಿ ನಿಮ್ಮ ಬಡಾವಣೆಯ ಮಂಜೂರಾದ ನಕ್ಷೆ ಕೇಳಿ. ಅದರಲ್ಲಿ ಶಾಲೆಗೆಂದು, ಮೈದಾನಕ್ಕೆಂದು ಬರೆದ ಜಾಗ ಯಾವುದು, ಅಲ್ಲಿ ಇಂದು ಏನಿದೆ ಎಂದು ಹೋಗಿ ನೋಡಿ. ಮಹಾಯೋಜನೆಯ ಕರಡು ಪ್ರಕಟವಾದಾಗ ಆಕ್ಷೇಪಣೆ ಸಲ್ಲಿಸಲು 1961ರ ನಗರ ಮತ್ತು ಗ್ರಾಮಾಂತರ ಯೋಜನೆಯ ಕಾಯಿದೆ ಅವಕಾಶ ಕೊಟ್ಟಿದೆ. ಇಂದಿನವರೆಗೆ ಆ ಅವಕಾಶವನ್ನು ಬಳಸಿಕೊಂಡವರು ನಿವೇಶನ ವ್ಯಾಪಾರಿಗಳು, ಇನ್ನು ನಾವು ಬಳಸೋಣ. ಮನೆ ಬದಲಾಯಿಸಿದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದು ಯಾವ ಸರ್ಕಾರಿ ಅಥವಾ ಅನುದಾನಿತ ಶಾಲೆಯೂ ಪ್ರವೇಶ ನಿರಾಕರಿಸುವಂತಿಲ್ಲವೆಂದು ಶಿಕ್ಷಣ ಹಕ್ಕು ಕಾಯಿದೆಯೇ ಹೇಳುತ್ತದೆ. ಅಂಥ ಮಗು ಕಂಡರೆ ಕೈಹಿಡಿದು ಶಾಲೆಗೆ ಸೇರಿಸಿ, ಆಮೇಲೆ ಸಂಘಕ್ಕೆ ತಿಳಿಸಿ.

ಊರು ಕಟ್ಟಿದವರು ನಾವು. ಇಟ್ಟಿಗೆ ಹೊತ್ತವರು, ಮೂಟೆ ಎತ್ತಿದವರು, ತಕ್ಕಡಿ ಹಿಡಿದವರು ನಾವು. ಕಟ್ಟಿದ ಊರಿನಲ್ಲಿ ನಮಗೊಂದು ಮನೆ, ಮನೆಯ ಹತ್ತಿರ ಮಗುವಿಗೊಂದು ಶಾಲೆ ಕೇಳುವುದು ಭಿಕ್ಷೆಯಲ್ಲ. ಕೊಡಲಾರೆವೆನ್ನುವವರು ಗದ್ದುಗೆಯಿಂದ ಇಳಿಯಲಿ. ನಾವು ಊರಿನಿಂದ ಇಳಿಯುವುದಿಲ್ಲ.